ತಾರಾನಾಥನ ತಪ್ಪಿನ ಪುಸ್ತಕ

“ಈ ತಾರಾನಾಥ ಯಾರ ಹೋಟೆಲಿನ ಗಲ್ಲಾದಲ್ಲೂ ಕೂರುವ ಪ್ರಾಣಿಯಲ್ಲ” ಎಂದು ಉರ್ವದ ಬಾಡಿಗೆ ಮನೆಯ ಚಾವಡಿಯಲ್ಲಿ ನಿಂತು ತಾರಾನಾಥ ಘೋಷಿಸಿದ್ದು ಎಂಬತ್ತಾರನೇ ಇಸವಿಯ ಒಂದು ಭಾನುವಾರ. ಒಂದು ಹೋಟೆಲಿನ ಧಣಿಯೂ ಹೆಣ್ಣು ಕೊಟ್ಟ ಮಾವನೂ ಆದ ಸಂಕಪ್ಪ ಶೆಟ್ಟರು ಎದುರಿಗೇ ಕುಳಿತು ಚಹಾ ಕುಡಿಯುತ್ತಿದ್ದರು. ಮೂರು ವರ್ಷದಿಂದ ಅಳಿಯನಿಗೆಂದು ಗಲ್ಲಾದ ಕುರ್ಚಿಯನ್ನು ಒರೆಸಿಟ್ಟು ಕಾದವರು ಅವರು.

“ಮತ್ತೆಂತ ಮಾಡ್ತೀರಿ?”

“ಬಿಕರ್ನಕಟ್ಟೆಯಲ್ಲಿ ರುಡೊಲ್ಫರ ವಿಡಿಯೋ ಗೇಮ್ ಕಂಪೆನಿ ಉಂಟಲ್ಲ ಮಾವ, ಅಲ್ಲಿ ನಾಳೆಯಿಂದ ನಾನು ಟೆಸ್ಟರ್.”

ಶೆಟ್ಟರು ಲೋಟ ಕೆಳಗಿಟ್ಟರು. “ಟೆಸ್ಟರ್ ಅಂದರೆ ಪ್ಲಗ್ಗಿನಲ್ಲಿ ಕರೆಂಟ್ ಉಂಟಾ ಅಂತ ಚುಚ್ಚಿ ನೋಡುವುದಲ್ವಾ? ಹೋಟೆಲಿನಲ್ಲಿ ಎರಡು ಉಂಟು.”

ಅಡುಗೆಮನೆಯಲ್ಲಿ ಹೆಂಡತಿ ಆಶಾಲತಾ ನಕ್ಕದ್ದು ಚಾವಡಿಯವರೆಗೂ ಕೇಳಿಸಿತು. ತಾರಾನಾಥನ ಛಲ ಇನ್ನಷ್ಟು ಏರಿತು.

ಕಂಪೆನಿಯೆಂದರೆ ಒಂದು ಶೀಟಿನ ಶೆಡ್ಡು. ಬಹ್ರೈನಿನಿಂದ ಮರಳಿದ ರುಡೊಲ್ಫ್ ಮರದ ಪೆಟ್ಟಿಗೆಯೊಳಗೆ ಟಿವಿ ಕೂರಿಸಿ, ಮುಂದೆ ಒಂದು ಹಿಡಿ, ಒಂದು ಕೆಂಪು ಗುಂಡಿ ಇಟ್ಟಿದ್ದರು. ಮೇಲಿನಿಂದ ತಟ್ಟೆಗಳು ಹಾರಿ ಬರುತ್ತವೆ, ಕೆಳಗಿನ ವಿಮಾನದಿಂದ ಗುಂಡು ಹೊಡೆದು ಅವನ್ನು ಉದುರಿಸಬೇಕು. ತಟ್ಟೆ ತಾಗಿದರೆ ವಿಮಾನ ಹೋಯಿತು, ಆಟ ಮುಗಿಯಿತು. ಹೀಗೆ ಹತ್ತು ಸುತ್ತು. ರುಡೊಲ್ಫ್ ಒಂದು ನೋಟುಪುಸ್ತಕ ಕೊಟ್ಟು ಹೇಳಿದರು: “ಬೆಳಿಗ್ಗೆಯಿಂದ ಸಂಜೆವರೆಗೆ ಆಡಿ. ಎಲ್ಲಿ ತಪ್ಪು ಆಗ್ತದೆ, ಇದರಲ್ಲಿ ಬರೆಯಿರಿ. ಬೊಂಬಾಯಿಯ ಎಂಜಿನಿಯರಿಗೆ ಪಟ್ಟಿ ಕಳಿಸಬೇಕು.”

ಆಡುವುದಕ್ಕೆ ಸಂಬಳ ಕೊಡುವ ಪುಣ್ಯಾತ್ಮ ಭೂಮಿಯ ಮೇಲೆ ಇದ್ದಾನಲ್ಲ! ತಾರಾನಾಥ ಮೈಮರೆತು ಆಡಿದ, ಮೈಯೆಲ್ಲ ಕಣ್ಣಾಗಿ ಬರೆದ. ಶುಕ್ರವಾರ ಸಂಜೆಯೊಳಗೆ ಪುಸ್ತಕ ತುಂಬಿತು. ರುಡೊಲ್ಫ್ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದತೊಡಗಿದರು.

“ಬಲಕ್ಕೆ ಹೋಗಬೇಕಿತ್ತು, ಎಡಕ್ಕೆ ಹೋದೆ. ತಪ್ಪು. ಗುಂಡಿ ಒತ್ತುವಾಗ ಆಕಳಿಕೆ ಬಂತು. ತಪ್ಪು. ತಟ್ಟೆ ಹೊಳೆಯುವುದು ಚಂದ ಕಂಡು ನೋಡುತ್ತ ನಿಂತೆ. ದೊಡ್ಡ ತಪ್ಪು.” ಅವರು ಪುಸ್ತಕ ಮುಚ್ಚಿದರು. “ಇದೆಂತ ಮಾರಾಯ್ರೆ? ಇದನ್ನು ಇಗರ್ಜಿಯಲ್ಲಿ ಪಾದ್ರಿಯ ಕಿವಿಯಲ್ಲಿ ಹೇಳಬೇಕು. ನನಗೆ ಬೇಕಾದದ್ದು ಮೆಷಿನಿನ ತಪ್ಪು.”

“ಮೆಷಿನ್ ಒಂದೂ ತಪ್ಪು ಮಾಡಲಿಲ್ಲ ಸಾರ್. ಎಲ್ಲ ನನ್ನದೇ.”

“ನೀವು ಮೊದಲನೇ ಸುತ್ತು ದಾಟಿದರಲ್ವಾ ಅದರ ತಪ್ಪು ಕಾಣುವುದು! ಪೆಟ್ಟಿಗೆ ಮನೆಗೆ ಕೊಂಡುಹೋಗಿ. ಸೋಮವಾರ ಮೆಷಿನಿನ ಒಂದೇ ಒಂದು ತಪ್ಪು ತನ್ನಿ. ಇಲ್ಲದಿದ್ದರೆ ಬರುವುದು ಬೇಡ.”

ಪೆಟ್ಟಿಗೆ ರಿಕ್ಷಾದಲ್ಲಿ ಉರ್ವಕ್ಕೆ ಬಂತು. ಶನಿವಾರವಿಡೀ ತಾರಾನಾಥ ವಿಮಾನ ಏರಿದ, ವಿಮಾನದೊಂದಿಗೆ ಸತ್ತ. ಭಾನುವಾರ ಮಧ್ಯಾಹ್ನಕ್ಕೆ ಹೆಬ್ಬೆರಳು ಊದಿಕೊಂಡು ಗುಂಡಿಯಷ್ಟೇ ಕೆಂಪಾಗಿತ್ತು. ಮೊದಲನೇ ಸುತ್ತು ಮಾತ್ರ ಕೋಟೆಯಂತೆ ನಿಂತಿತ್ತು. ಗೋಡೆಗೊರಗಿ ಕುಳಿತು ಅವನು ಮೆಲ್ಲನೆ ಹೇಳಿದ: “ನಾಳೆ ನಿನ್ನ ಅಪ್ಪನಿಗೆ ಫೋನು ಮಾಡು. ಗಲ್ಲಾಕ್ಕೆ ಬರ್ತೇನೆ ಅಂತ ಹೇಳು.”

ಪಕ್ಕದಲ್ಲಿ ಕುಳಿತು ಬಸಳೆ ಬಿಡಿಸುತ್ತಿದ್ದ ಆಶಾಲತಾ ಇಷ್ಟು ಹೊತ್ತೂ ನಗುತ್ತಿದ್ದವಳು. ಆ ಮುಖ ನೋಡಿ ನಗು ನಿಲ್ಲಿಸಿದಳು. ಕೈ ಒರೆಸಿಕೊಂಡು ಎದ್ದಳು.

“ಸ್ವಲ್ಪ ಸರಿಯಿರಿ. ನೀವು ತಟ್ಟೆ ನೋಡ್ತೀರಿ, ಅದು ಬರುವ ಲೆಕ್ಕ ನೋಡುವುದಿಲ್ಲ. ನಾಲ್ಕು, ನಾಲ್ಕು, ಮತ್ತೆ ಒಂದು ಮನೆ ಖಾಲಿ. ಚೆನ್ನೆಮಣೆ ಆಡಿದವರಿಗೆ ಇದೆಂತ ಕಷ್ಟ?”

ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆಯ ಗುಳಿಗಳಿಗೆ ಕಾಯಿ ಹಂಚಿ ಹಂಚಿ ಪಳಗಿದ ಕೈ ಅದು. ಖಾಲಿ ಮನೆ ಬರುವಲ್ಲಿ ವಿಮಾನ ನಿಲ್ಲಿಸುವುದು, ನಾಲ್ಕು ಬರುವಲ್ಲಿ ಹೊಡೆಯುವುದು. ಎರಡನೇ ಸುತ್ತು, ಮೂರನೇ ಸುತ್ತು, ಆರನೇ ಸುತ್ತು! ಏಳನೆಯದರಲ್ಲಿ ವಿಮಾನ ಎಡಗಡೆಯ ಅಂಚಿಗೆ ಹೋದದ್ದು ಅಲ್ಲೇ ಅಂಟಿಕೊಂಡಿತು. ಮತ್ತೆ ಮೊದಲಿನಿಂದ ಆಡಿದಳು. ಮತ್ತೆ ಅಲ್ಲೇ ಅಂಟಿತು.

“ಬರೆಯಿರಿ” ಎಂದಳು.

“ಇದು ಯಾರ ತಪ್ಪು?” ತಾರಾನಾಥ ಅಳುಕುತ್ತ ಕೇಳಿದ.

“ಮೆಷಿನಿನದ್ದು ಮಾರಾಯ್ರೆ.”

ಸೋಮವಾರ ಪೆಟ್ಟಿಗೆ ಶೆಡ್ಡಿಗೆ ಮರಳಿತು. ಆ ಒಂದು ಸಾಲು ಓದಿ ರುಡೊಲ್ಫ್ ಕುರ್ಚಿಯಿಂದ ಎದ್ದೇಬಿಟ್ಟರು. “ಏಳನೇ ಸುತ್ತಿಗೆ ಹೋದಿರಾ? ಒಮ್ಮೆ ತೋರಿಸಿ ನೋಡುವ.”

ತಾರಾನಾಥ ಕುಳಿತ. ಹನ್ನೊಂದು ಸೆಕೆಂಡಿನಲ್ಲಿ ಸತ್ತ. ಇನ್ನೊಮ್ಮೆ ಆಡಿ ಒಂಬತ್ತರಲ್ಲಿ ಸತ್ತ. ಹಿಡಿಯಿಂದ ಕೈ ತೆಗೆದು ತಲೆತಗ್ಗಿಸಿದ. “ಆಡಿದ್ದು ನನ್ನ ಹೆಂಡತಿ ಸಾರ್. ನನ್ನಿಂದ ಆಗುವುದಿಲ್ಲ.”

ರುಡೊಲ್ಫ್ ಮತ್ತೆ ಕುರ್ಚಿಯಲ್ಲಿ ಕುಳಿತರು. “ನಾಳೆಯಿಂದ ಅವರನ್ನೂ ಕರಕೊಂಡು ಬನ್ನಿ. ನೀವೂ ಬನ್ನಿ.”

“ನಾನು ಎಂತಕ್ಕೆ ಸಾರ್?”

“ಮೊದಲನೇ ಸುತ್ತು ಎಷ್ಟು ಸುಲಭ ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ. ನಿಮ್ಮ ಕೈಯಲ್ಲಿ ಒಂದು ನಿಮಿಷ ನಿಂತ ಆಟ ಊರಿನಲ್ಲಿ ಯಾರ ಕೈಯಲ್ಲೂ ನಿಲ್ತದೆ. ಒಂದು ಮಾತು, ನೀವು ಮಾತ್ರ ಆಟ ಕಲಿಯಬೇಡಿ. ಕಲಿತ ದಿನ ನಿಮ್ಮ ಕೆಲಸ ಹೋಯಿತು.”

ಸಂಜೆ ತಾರಾನಾಥ ಇದನ್ನು ಹೆಂಡತಿಗೆ ಒಪ್ಪಿಸಿದ. ಅವಳಿಗೂ ಕೆಲಸ ಸಿಕ್ಕಿದ ಸಂತೋಷ ಒಂದು ಕಡೆ, ತನ್ನ ಕೆಲಸದ ಚಿಂತೆ ಇನ್ನೊಂದು ಕಡೆ. “ದಿನಾ ಆಡಿ ಆಡಿ ನಾನು ಅಪ್ಪಿತಪ್ಪಿ ಕಲಿತುಬಿಟ್ಟರೆ ಎಂತ ಮಾಡುವುದು ಆಶಾ?”

ಆಶಾಲತಾ ಅವನ ಊದಿದ ಹೆಬ್ಬೆರಳಿಗೆ ಎಣ್ಣೆ ಹಚ್ಚುತ್ತ ಪ್ರೀತಿಯಿಂದ ಹೇಳಿದಳು: “ಎರಡು ದಿನ ಪಕ್ಕದಲ್ಲಿ ಕೂತು ನೋಡಿದ್ದೇನೆ. ಹೆದರಬೇಡಿ, ನಿಮ್ಮ ಕೆಲಸ ಪರ್ಮನೆಂಟ್.”