ದಪ್ಪ ಓರೆ ಅಕ್ಷರಕ್ಕೆ ಕಾಲಿದೆ

ದೆವ್ವ ಭೂತ ನಂಬುವವನಲ್ಲ ನಾನು. ಆದರೂ ಇಂಥವೆಲ್ಲ ಬಂಗಾರಪೇಟೆಯ ನನ್ನ ಬ್ಯಾನರ್ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತವೆ. ಎಲ್ಲಕ್ಕೂ ಮೂಲ ನನ್ನ ಕಂಪ್ಯೂಟರಿನ ಒಂದು ಅಕ್ಷರಶೈಲಿ. ದಪ್ಪ, ಬೋಳು, ತುದಿಯಲ್ಲಿ ಕುಡಿ ಬಾಲ ಏನೂ ಇಲ್ಲ. ಬಸ್ಸಿಗೆ ಓಡುವವನ ಹಾಗೆ ಬಲಕ್ಕೆ ಬಾಗಿರುತ್ತದೆ. ಕ್ರಿಕೆಟ್ ಪಂದ್ಯಕ್ಕೆ, ಆಟೋ ಹಿಂಭಾಗಕ್ಕೆ ಅದರಂಥದ್ದು ಇನ್ನೊಂದಿಲ್ಲ. ನಾನು ಅಷ್ಟಕ್ಕೇ ಬಿಡಲಿಲ್ಲ.

ಹಾಲಿನ ಗಾಡಿ

ಕ್ಯಾಸಂಬಳ್ಳಿಯ ಹಾಲಿನ ಗಾಡಿಯವನಿಗೆ ಗಾಡಿಯ ಬಲಪಕ್ಕಕ್ಕೆ ಅದೇ ಅಕ್ಷರ ಅಂಟಿಸಿಕೊಟ್ಟೆ. ವಾರದೊಳಗೆ ಬಿಳಿಚಿಕೊಂಡು ಬಂದ.

"ಬ್ರೇಕ್ ಆಕಿ ಟೀಗೆ ಓಗಿದ್ದೆ ಕಣ್ಲಾ. ತಿರುಗಿ ನೋಡ್ತೀನಿ, ಗಾಡಿ ತಾನೇ ಓಗ್ತೈತೆ! ಬಾವಿ ಕಟ್ಟೆ ತಾವ ನಿಂತ್ಕೊಂತು."

"ಅಕ್ಷರ ತೆಗೀಲಾ?"

"ಬ್ಯಾಡ, ಚೆಂದಾಗೈತೆ. ಇಂದುಗಡೆ ನೆಟ್ಟಗಿರೋ ಅಕ್ಷರದಲ್ಲಿ 'ನಿಲ್ಲು' ಅಂತ ಆಕ್ಕೊಡು."

ಎಚ್ಚರಿಕೆ ಫಲಕ

ಉರಿಗಾಂನಲ್ಲಿ ಕೆಲಸ ನಿಂತುಹೋದ ಒಂದು ಹಳೇ ಗಣಿ ಬಾವಿಯ ಎಡಕ್ಕೆ 'ಅಪಾಯ, ಹತ್ತಿರ ಬರಬೇಡಿ' ಎಂಬ ಫಲಕ ನಿಲ್ಲಿಸಿದೆವು. ಅಕ್ಷರಗಳೆಲ್ಲ ಬಾವಿಯ ಕಡೆಗೇ ಬಾಗಿದ್ದವು. ಗಣಿಯಲ್ಲಿ ದುಡಿದಿದ್ದ ಮುದುಕನೊಬ್ಬ ಅಂಗಡಿಗೇ ಬಂದ.

"ತಂಬಿ, ಮೊದ್ಲು ಯಾರೂ ಬತ್ತಿರ್ಲಿಲ್ಲ. ಈಗ ಬೋರ್ಡ್ ಓದಿದೋರೆಲ್ಲ ನೇರಾ ಓಗಿ ಬಗ್ಗಿ ನೋಡ್ತಾರೆ. ಕೆಳಗಿರೋರಿಗೆ ತೊಂದ್ರೆ."

"ಕೆಳಗೆ ಯಾರಿದ್ದಾರೆ ತಾತ?"

"ನಮ್ ಶಿಫ್ಟ್‌ನೋರು," ಎಂದು ಹೇಳಿ, ನಾನು ಕೊಟ್ಟ ಟೀ ಕುಡಿದು ಹೋದ. ಫಲಕವನ್ನು ಅವತ್ತೇ ಬದಲಿಸಿದೆ.

ಶ್ರದ್ಧಾಂಜಲಿ

ಚಾಂಪಿಯನ್ ರೀಫ್ಸ್‌ನಲ್ಲಿ ನಾವಿರುವುದು ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ. ಅಲ್ಲಿ ಒಬ್ಬ ಅಜ್ಜಿಯ ಗಂಡ ತೀರಿಕೊಂಡರು. ಬ್ಯಾನರ್ ನಾನೇ ಮಾಡಿದೆ, ಅದೇ ಅಕ್ಷರದಲ್ಲಿ. ಅಜ್ಜಿ ನೋಡಿದ್ದೇ ಅತ್ತುಬಿಟ್ಟರು.

"ಇದೇನ್ಲಾ, ಇಂಗೆ ಓಡ್ತಾವೆ? ಬದುಕಿದ್ದಾಗ ಒಂದಿನ ಮನೇಲಿ ನಿಲ್ಲಿಲ್ಲ ನಮ್ ಯಜಮಾನ. ತಿಥಿವರ್ಗಾದ್ರೂ ನನ್ ಜೊತೆ ಇರ್ಲಿ ಅಂದ್ರೆ ನೀನೇ ಓಡಿಸ್ತೀಯಲ್ಲ!"

ನನಗೂ ಕಣ್ಣು ತುಂಬಿ ಬಂತು. ನೆಟ್ಟಗಿನ ಅಕ್ಷರದಲ್ಲಿ ಹೊಸದು ಮಾಡಿಕೊಟ್ಟು, ಹಳೆಯದನ್ನು ಅಂಗಡಿಯ ಸಾಮಾನಿನ ಮೇಲೆ ಹೊದಿಸಿದೆ.

ತಿಥಿ ಮುಗಿದ ಮೇಲೆ ಅಜ್ಜಿ ಮತ್ತೆ ಬಂದರು. "ನಮ್ ಯಜಮಾನ ಓಗ್ತಾನೇ ಇಲ್ಲ ಕಣಪ್ಪ. ಬೆಳಗಾದ್ರೆ ಒಳಗೆ ಕೆಮ್ತಾರೆ. ಲೋಟಕ್ಕೆ ಬಗ್ಗಿಸಿಟ್ಟ ಕಾಫಿ ಖಾಲಿ. ಜೊತೆಗಿದ್ದಿದ್ದು ಸಾಕಾಯ್ತು, ಸುಖವಾಗಿ ಓಗ್ಲಿ. ಆ ಓಡೋ ಬ್ಯಾನರೇ ಕೊಟ್ಬಿಡು."

ಸಾಮಾನಿನ ಮೇಲಿಂದ ತೆಗೆದು, ಧೂಳು ಒರೆಸಿ ಕೊಟ್ಟೆ. ಅಜ್ಜಿ ಅದನ್ನು ಬಾಗಿಲ ಮೇಲೆ ಕಟ್ಟಿದರು. ಮಾರನೆಯ ಬೆಳಗ್ಗೆಯಿಂದ ಅವರ ಮನೆಯಲ್ಲಿ ಕೆಮ್ಮಿಲ್ಲ. ನನಗೂ ಸಮಾಧಾನವಾಯಿತು.

ಆಮೇಲೆ ಅವರ ಬಲಪಕ್ಕದ ಮನೆಯವನು ಬಂದ. ಮುಖದಲ್ಲಿ ರಕ್ತವೇ ಇಲ್ಲ.

"ಅಣ್ಣಾ, ಈಗ ನಮ್ಮನೇಲಿ ಕೆಮ್ಮು. ಕಾಫಿನೂ ಖಾಲಿ. ಅಜ್ಜಿಗೆ ಕೊಟ್ರಲ್ಲ, ಅಂಥದ್ದೇ ಒಂದು ನಮ್ಗೂ ಮಾಡ್ಕೊಡಿ."

ಅವನ ಬಲಪಕ್ಕದ ಮನೆ ನನ್ನದು.

"ಆ ಅಕ್ಷರ ಸ್ಟಾಕ್ ಇಲ್ಲಣ್ಣ," ಅಂದೆ.