ಕೊನೆಯ ಹಾಳೆಗೆ ಮುನ್ನ ಕಳ್ಳನನ್ನು ಹಿಡಿದವನು

"ಕೊನೆಯ ಹಾಳೆ ಕಾಣುವ ಮುಂಚೆಯೇ ಕಳ್ಳನ ಹೆಸರು ಹೇಳುತ್ತಿದ್ದವನು ಇಡೀ ಕೊಟ್ಟೂರಿನಲ್ಲಿ ಕೊಟ್ರೇಶಿ ಒಬ್ಬನೇ." ಈ ಮಾತನ್ನು ನಾನು ಐವತ್ತೈದು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ. ಕ್ಷೌರದಂಗಡಿಯಲ್ಲಿ ಬಾಯಿಯ ಸುತ್ತ ಸಾಬೂನು ಹಚ್ಚಿಸಿಕೊಂಡು, ಪ್ರತಿಭಟಿಸಲಾಗದ ಸ್ಥಿತಿಯಲ್ಲಿಯೂ ಕೇಳಿದ್ದೇನೆ. ಹತ್ತು ಜನ ಹೇಳಿದ ಮಾತ್ರಕ್ಕೆ ಯಾವ ಮಾತೂ ನಿಜವಾಗದು ಎಂಬುದು ನನ್ನ ಸಿದ್ಧಾಂತ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಹೊಲಿಗೆ ಯಂತ್ರದ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ವಿದ್ಯೆ ಸಂಪಾದಿಸಿದವನು ನಾನು. ನಮ್ಮ ಕಡೆಯ ಒಂದು ಕೆರೆಗೆ ಏಳು ತೂಬುಗಳಿವೆ ಎಂದು ಎಲ್ಲರೂ ಹೇಳಿದಾಗ ನಂಬದೆ, ಬೇಸಿಗೆಯ ಬಿಸಿಲಿನಲ್ಲಿ ಏರಿಯುದ್ದಕ್ಕೂ ನಡೆದು ಎಣಿಸಿದ್ದೇನೆ. ಏಳೇ ಇದ್ದವು, ಅದು ಬೇರೆ ಮಾತು.

ಕೊಟ್ರೇಶಿಯ ಕೀರ್ತಿಗೆ ಮೂಲ, ಬಸ್ ನಿಲ್ದಾಣದ ಹಿಂದಿದ್ದ ಶರಣಪ್ಪನವರ ಬಾಡಿಗೆ ಪುಸ್ತಕದಂಗಡಿ. ಅಲ್ಲಿ ಬಾಲ ಪತ್ತೇದಾರರ ಒಂದು ಮಾಲೆಯಿತ್ತು: ಅಣ್ಣ, ತಂಗಿ, ಸೋದರಮಾವನ ಮೋಟಾರು ದೋಣಿ, ಪ್ರತಿ ಪುಸ್ತಕಕ್ಕೊಬ್ಬ ಕಳ್ಳ. ಹುಡುಗರು ಅಂಗಡಿಯಲ್ಲಿ ನಿಂತೇ ಕೊನೆಯ ಹಾಳೆಯನ್ನು ಓದಿ ಪುಸ್ತಕವನ್ನು ಅಲ್ಲೇ ಬಿಟ್ಟುಹೋಗುತ್ತಿದ್ದುದರಿಂದ ಶರಣಪ್ಪನವರು ಒಂದು ಪದ್ಧತಿ ತಂದರು. ಕೊನೆಯ ಹಾಳೆಯನ್ನು ಬ್ಲೇಡಿನಿಂದ ಕೊಯ್ದು ಗಲ್ಲಾಪೆಟ್ಟಿಗೆಯಲ್ಲಿ ಇಡುವುದು. ಪುಸ್ತಕ ಓದಿ ತಂದವನು ಹಿಂಬದಿಯ ರಟ್ಟಿನ ಒಳಗೆ ಕಳ್ಳ ಯಾರೆಂದು ಪೆನ್ಸಿಲಿನಲ್ಲಿ ಬರೆದು ಸಹಿ ಹಾಕಬೇಕು. ಆಮೇಲೆ ಹಾಳೆ ಕೊಡುವುದು. ಕೊಟ್ರೇಶಿ ಬರೆದದ್ದು ಒಮ್ಮೆಯೂ ತಪ್ಪಲಿಲ್ಲವಂತೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ಕಳೆದ ತಿಂಗಳು ನಮ್ಮ ಗ್ರಂಥಾಲಯದ ಮೇಡಮ್, ಮಕ್ಕಳ ಓದುಕೂಟದ ಆರಂಭಕ್ಕೆ ಮುಖ್ಯ ಅತಿಥಿಯಾಗಿ ಕೊಟ್ರೇಶಿಯನ್ನು ಗೊತ್ತುಮಾಡಿದರು. ಆ ಗ್ರಂಥಾಲಯದ ಪತ್ರಿಕೆಗಳನ್ನು ಮೂವತ್ತು ವರ್ಷದಿಂದ ಜಾಹೀರಾತು ಸಮೇತ ಓದುತ್ತಿರುವವನು ನಾನು. ಅಂದು ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

"ಅವ್ರನ್ನ ಕರದ್ರ ನಿಮ್ಗ್ಯಾಕ್ರಿ ಹೊಟ್ಟಿ ಉರಿ?" ಎಂದಳು ನನ್ನ ಹೆಂಡತಿ ಗಂಗಮ್ಮ.

ಇದು ಹೊಟ್ಟೆಯುರಿಯಲ್ಲ, ಇತಿಹಾಸದ ಬಗೆಗಿನ ಕಾಳಜಿ ಎಂದು ತಿಳಿಸಿ ಹೇಳಿದೆ.

"ಹಂಗಾರ ಇತಿಹಾಸಕ್ಕ ಒಂದ್ ಲೋಟ ಮಜ್ಜಿಗಿ ಕುಡೀರಿ. ತಣ್ಣಗಾಕೈತಿ."

ಕುಡಿದೆ. ತಣ್ಣಗಾಗಲಿಲ್ಲ. ಗ್ರಂಥಾಲಯಕ್ಕೆ ಹೋಗಿ, ಕೊಟ್ರೇಶಿ ಮೊದಲೇ ಹಾಳೆ ನೋಡಿ ಬರೆಯುತ್ತಿದ್ದನೆಂದು ಸಾಬೀತುಪಡಿಸಿದರೆ ಮುಖ್ಯ ಅತಿಥಿಯ ಕುರ್ಚಿ ಯಾರದು ಎಂದು ನೇರವಾಗಿ ಕೇಳಿದೆ. "ಸಾಕ್ಷಿ ತರ್ರಿ ತಾತ, ನಿಮ್ಮನ್ನ ಕೂಡಸ್ತೀನಿ" ಎಂದರು ಮೇಡಮ್.

ಮರುದಿನವೇ ಹರಪನಹಳ್ಳಿಯ ಬಸ್ಸು ಹತ್ತಿದೆ. ಅಲ್ಲಿ ಶರಣಪ್ಪನವರ ಮಗಳು ಶಿವಕ್ಕ ಇದ್ದಾರೆ. ಅವರ ಟ್ರಂಕಿನಲ್ಲಿ ಆ ಮಾಲೆಯ ಹತ್ತೊಂಬತ್ತು ಪುಸ್ತಕಗಳು ಉಳಿದಿದ್ದವು; ಕೊಯ್ದ ಹಾಳೆಗಳನ್ನೂ ಅವರು ಆಯಾ ಪುಸ್ತಕಕ್ಕೆ ಅಂಟಿಸಿಟ್ಟಿದ್ದರು. "ಓದಿ ಗ್ರಂಥಾಲಯಕ್ಕ ಕೊಟ್ಟುಬಿಡ್ರಿ ಅಣ್ಣಾರ. ನಮ್ಮ ಮನ್ಯಾಗ ಇಲಿ ಅಷ್ಟ ಓದ್ತಾವು" ಎಂದರು.

ಒಂದು ವಾರ ಓದಿದೆ. ಚಿಕ್ಕಂದಿನಲ್ಲಿ ಆ ಅಣ್ಣತಂಗಿಯರ ದೋಣಿಯನ್ನು ಕಂಡು ಕರುಬಿದ್ದೆ; ಈಗ ಅವರ ವಿರಾಮವನ್ನು ಕಂಡು ಕರುಬಿದೆ. ಇಡೀ ರಜೆಯಲ್ಲಿ ಅವರನ್ನು ಯಾರೂ ಹಿಟ್ಟಿನ ಗಿರಣಿಗೆ ಕಳಿಸುವುದಿಲ್ಲ. ಹನ್ನೆರಡು ವರ್ಷದವರು ಠಾಣೆಗೆ ಹೋದರೆ ಇನ್ಸ್‌ಪೆಕ್ಟರರು ಎದ್ದು ಕುರ್ಚಿ ಕೊಡುತ್ತಾರೆ. ಆಧಾರ್ ಚೀಟಿಯಲ್ಲಿ ಹೆಸರು ತಿದ್ದಿಸಲು ಹೋದ ನನಗೆ, ಎಪ್ಪತ್ತರ ಸಮೀಪದಲ್ಲಿಯೂ, ಯಾರೂ ಸ್ಟೂಲನ್ನು ಸಹ ತೋರಿಸಿರಲಿಲ್ಲ.

ಏಳನೆಯ ಪುಸ್ತಕದಲ್ಲಿ ಸಾಕ್ಷಿ ಸಿಕ್ಕಿತು. ಕಳ್ಳನಾದ ಗಡಿಯಾರ ರಿಪೇರಿಯವನ ಕೈಗೆ ಆರು ಬೆರಳೆಂಬುದು ಹೊರಬೀಳುವುದು ಕೊನೆಯ ಹಾಳೆಯಲ್ಲಿ ಮಾತ್ರ. ರಟ್ಟಿನ ಮೇಲೆ, ಹಾಳೆ ಕಾಣುವ ಮುನ್ನ, ಕೊಟ್ರೇಶಿ ಬರೆದದ್ದು: "ಆರು ಬೆರಳಿನ ಗಡಿಯಾರದವನು." ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ನೇರವಾಗಿ ಅವನ ಮನೆಗೆ ನಡೆದೆ.

ಕೊಟ್ರೇಶಿ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದ. ರಟ್ಟನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ.

"ಖರೇ ಐತಲೇ," ಎಂದ. "ಹಾಳಿ ಕೊಯ್ಯಾಕ ಶರಣಪ್ಪ ನನ್ನ ಕುಂದ್ರಸ್ತಿದ್ದ. ಕಣ್ ಮುಚ್ಚಿಕೊಂಡು ಕೊಯ್ದ್ರ ಬೆರಳ ಹೋಕ್ಕಿತ್ತಲ್ಲ."

ಅರ್ಧ ಶತಮಾನದ ನನ್ನ ಸಂಶಯವನ್ನು ಅವನು ಒಂದು ಶೇಂಗಾ ಸುಲಿಯುವಷ್ಟರಲ್ಲಿ ಒಪ್ಪಿಕೊಂಡದ್ದು ನನಗೆ ಸ್ವಲ್ಪ ಅವಮಾನವೆನಿಸಿತು.

"ಕುರ್ಚಿ ನಿಂದ, ಹೋಗು. ಮೇಡಮ್ಮಗ ನಾನ ಹೇಳ್ತೀನಿ. ಆದ್ರ ನನ್ನ ಸಹಿ ಕೆಳಗ ಇನ್ನೊಂದು ಸಹಿ ಐತಿ, ನೋಡೀಯೇನು?"

ನೋಡಿರಲಿಲ್ಲ. ಒಂದು ವಾರ ಪೂರ್ತಿ ನನ್ನ ಕಣ್ಣು ಅವನ ಸಾಲಿನಿಂದ ಕೆಳಗೆ ಇಳಿದಿರಲಿಲ್ಲ. ಅದರಡಿಯಲ್ಲಿ, ಚಿಕ್ಕಂದಿನ ನನ್ನ ಗುಂಡು ಅಕ್ಷರದಲ್ಲಿ, "ಮೇಲಿನಂತೆ" ಎಂದಿತ್ತು. ಇಬ್ಬರ ಆಲೋಚನೆ ಒಂದೇ ಆಗಬಾರದೆಂದು ನಿಯಮವಿದೆಯೇ ಎಂದು ವಾದಿಸಿದೆ. ಕೊಟ್ರೇಶಿ ನನ್ನ ಅಂಗೈಗೆ ನಾಲ್ಕು ಶೇಂಗಾ ಹಾಕಿದ. ಮನೆಗೆ ಬಂದು ಉಳಿದವನ್ನು ತೆರೆದೆ. "ಮೇಲಿನಂತೆ", "ಮೇಲಿನಂತೆ", ಏಳನೆಯದೂ ಸೇರಿ ಹದಿನೆಂಟು ಪುಸ್ತಕಗಳಲ್ಲಿ ಅದೇ.

ಸಾಕ್ಷಿಯನ್ನು ಮುಚ್ಚಿಡುವುದು ನನ್ನ ಸಿದ್ಧಾಂತಕ್ಕೆ ಹೊಂದುವುದಿಲ್ಲ. ಶಿವಕ್ಕ ಹೇಳಿದಂತೆ ಎಲ್ಲವನ್ನೂ ಗ್ರಂಥಾಲಯಕ್ಕೆ ಒಪ್ಪಿಸಿದೆ. ಮೇಡಮ್ ರಟ್ಟುಗಳನ್ನು ಒಂದೊಂದಾಗಿ ನೋಡಿ, ಓದುಕೂಟದ ದಿನ ಇಬ್ಬರಿಗೂ ಕುರ್ಚಿ ಹಾಕಿಸದೆ ಮಕ್ಕಳ ಮುಂದೆ ಪುಸ್ತಕಗಳನ್ನೇ ಇಟ್ಟರು. ಅವು ಈಗ ಕಿಟಕಿಯ ಪಕ್ಕದ ಕಪಾಟಿನಲ್ಲಿವೆ. ಯಾರು ಬೇಕಾದರೂ ತೆರೆದು ಪರಿಶೀಲಿಸಬಹುದು. ಹತ್ತೊಂಬತ್ತನೆಯದನ್ನು ವಿಶೇಷವಾಗಿ ನೋಡಬೇಕು. ಅದರಲ್ಲಿ ಕೊಟ್ರೇಶಿಯ ಬರಹವೇ ಇಲ್ಲ; ನನ್ನ ಸ್ವಂತ ಬುದ್ಧಿಯ ಸಾಲೊಂದೇ ಇದೆ: "ಕೊಟ್ರೇಶಿಗೆ ಜ್ವರ. ಅವನು ಎದ್ದ ಮೇಲೆ ಬರೆಯುತ್ತೇನೆ." ಅದರ ಕೆಳಗೆ ನನ್ನ ಸಹಿ, ತಂದೆಯ ಹೆಸರಿನ ಸಮೇತ.