ಮೂರು ಕಡಲಕ್ಕಿ, ಒಂದು ಶಾಲು

ಹಕ್ಕಿ ನೋಡುವವನಿಗೆ ಹಕ್ಕಿಗಳಿಂದ ಆಘಾತವಾಗುವುದು ಕಡಿಮೆ, ಪಕ್ಕದಲ್ಲಿ ನಿಂತ ಮನುಷ್ಯರಿಂದಲೇ ಹೆಚ್ಚು. ನನಗಂತೂ ಇದು ವರ್ಷಕ್ಕೆರಡು ಸಲ ತಪ್ಪದೆ ಆಗುತ್ತಲೇ ಇರುತ್ತದೆ.

ಬಳ್ಳಾರಿಯಲ್ಲಿ ನಾನು ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ಭಾನುವಾರ ಬಂತೆಂದರೆ ಕೊರಳಿಗೆ ದುರ್ಬೀನು ಹಾಕಿಕೊಂಡು ನಮ್ಮ ಏಳೆಂಟು ಜನರ ಗುಂಪಿನೊಂದಿಗೆ ಕೆರೆ, ಹೊಳೆ ಸುತ್ತುತ್ತೇನೆ. ಸಮುದ್ರವೇ ಇಲ್ಲದ ನಮ್ಮ ಕಡೆಗೂ ಚಳಿಗಾಲದಲ್ಲಿ ಕಡಲಕ್ಕಿಗಳು ಬರುತ್ತವೆ. ಬೆಳೆದ ಕಡಲಕ್ಕಿಯನ್ನು ಗುರುತಿಸುವುದು ಸುಲಭ, ಎಳೆಯವುಗಳದೇ ತಕರಾರು. ಮೈಮೇಲೆಲ್ಲ ಕಂದು ಮಚ್ಚೆ, ಬಾಲಕ್ಕೆ ಕಪ್ಪು ಪಟ್ಟಿ. ಗಾತ್ರ ಮತ್ತು ಪುಕ್ಕ ನೋಡಿಯೇ ಯಾವ ಜಾತಿ ಎಂದು ಹೇಳಬೇಕು. ಈ ವಿದ್ಯೆಯಲ್ಲಿ ಗುಂಪಿಗೆ ನಾನೇ ಗುರು. ಮೂರು ವರ್ಷದಲ್ಲಿ ಮೂರು ಹೊಸ ಜಾತಿಯ ಕಡಲಕ್ಕಿ ಕಂಡುಹಿಡಿದು ಗುಂಪಿನ ರಿಜಿಸ್ಟರಿನಲ್ಲಿ ಬರೆದವನು. ಅದಕ್ಕಾಗಿ ನನಗೆ ಶಾಲು ಹೊದಿಸುವುದೆಂದು ತೀರ್ಮಾನವಾಗಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಕೊರಳಿಗೆ ಒಂದು ಹಾರವೂ ಬಿದ್ದಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಶಾಲಿನ ಮೇಲೆ ನನ್ನ ಜೀವವೇ ಇತ್ತು.

ಕುರುಗೋಡಿನ ಬೆಳ್ಳಕ್ಕಿ

ಕುರುಗೋಡಿನ ಕೆರೆಯಲ್ಲಿ ಒಂದು ಎಳೆಯ ಕಡಲಕ್ಕಿ ಕೂತಿತ್ತು. ಗುಂಪಿಗೆ ಹೊಸದಾಗಿ ಸೇರಿದವರಿಗೆ ಪಾಠ ಶುರು ಮಾಡಿದೆ. "ಗಾತ್ರ ಅಳಿಯಾಕ ಟೇಪು ಬೇಕಾಗಿಲ್ಲ. ಬಾಜೂಕಿರೋ ಹಕ್ಕೀನ ಅಳತಿ. ಆ ಪೊದಿ ಮ್ಯಾಲೆ ಬೆಳ್ಳಕ್ಕಿ ಐತಿ ನೋಡ್ರಿ, ಅದಕ್ಕಿಂತ ಇದು ಒಂದೂವರಿ ಪಟ್ಟು ಐತಿ. ಅಂದ್ರ ದೊಡ್ಡ ಜಾತಿ."

ಎಲ್ಲರೂ ಬರೆದುಕೊಂಡರು. ಅಷ್ಟರಲ್ಲಿ ಕೆರೆಯಲ್ಲಿ ಮೀಯುತ್ತಿದ್ದವನೊಬ್ಬ ಎದ್ದು ಬಂದು, ನಮ್ಮ ಬೆಳ್ಳಕ್ಕಿಯನ್ನು ಪೊದೆಯಿಂದೆತ್ತಿ ಎರಡು ಸಲ ಕೊಡವಿ, ತಲೆ ಒರೆಸಿಕೊಂಡು ಹೆಗಲಿಗೆ ಹಾಕಿಕೊಂಡ. ಹೊಸಬನೊಬ್ಬ ಪೆನ್ನು ಹಿಡಿದು ವಿನಯದಿಂದ ಕೇಳಿದ. "ಸರ, ಟವೆಲಿಗಿಂತ ಒಂದೂವರಿ ಪಟ್ಟು ಅಂತ ತಿದ್ದಲೇನ್ರಿ?"

ಗಾಂಧಿನಗರದ ಪರೀಕ್ಷೆ

ಶಾಲಿನ ದಿನಕ್ಕೆಂದು ಜುಬ್ಬಾ ಹೊಲಿಸಲು ನಮ್ಮ ಗಾಂಧಿನಗರದ ಟೇಲರ್ ಭಾಯಿಯ ಹತ್ತಿರ ಹೋಗಿದ್ದೆ. ಜಂಬ ತಡೆಯಲಾಗದೆ ಮೊಬೈಲಿನಲ್ಲಿ ನನ್ನ ಎರಡನೇ ಕಡಲಕ್ಕಿಯ ಫೋಟೋ ತೋರಿಸಿದೆ. ರೆಕ್ಕೆ ಅರ್ಧ ಬೂದು, ಅರ್ಧ ಮಾಸಲು. "ಬ್ಯಾರೇನ ಜಾತಿ ಭಾಯಿ, ಈ ಕಡೆ ಯಾರೂ ಕಂಡಿಲ್ಲ" ಅಂದೆ.

ಭಾಯಿ ಕನ್ನಡಕ ಏರಿಸಿ ಫೋಟೋ ದೊಡ್ಡದು ಮಾಡಿ ನೋಡಿದ. "ಬ್ಯಾರೆ ಜಾತಿ ಅಲ್ರಿ ಸರ. ಇದು ಹಳೇ ಬಟ್ಟಿ, ಅಂಚು ಸವದೈತಿ, ಬಿಸಿಲಿಗೆ ಬಣ್ಣ ಹೋಗೈತಿ. ಇಲ್ಲಿ ನೋಡ್ರಿ, ಹೊಸಾ ಪೀಸು ಬಂದೈತಿ. ಅರ್ಧ ಬದಲಿ ಆಗೈತಿ, ಇನ್ನರ್ಧ ಬಾಕಿ ಐತಿ."

ಜನ್ಮದಲ್ಲಿ ದುರ್ಬೀನು ಮುಟ್ಟದವನ ಈ ಧೈರ್ಯಕ್ಕೆ ನಾನು ದಂಗಾದೆ. "ಭಾಯಿ, ಇದು ಬಟ್ಟಿ ಅಲ್ಲ, ಸೈನ್ಸು!"

"ಆಗ್ಲಿ ಬಿಡ್ರಿ" ಎಂದು ಆತ ಟೇಪು ಕೈಗೆತ್ತಿಕೊಂಡ. "ನಿಮ್ಮ ಪ್ಯಾಂಟಿಂದೂ ಬಣ್ಣ ಹೋಗೈತಿ. ಹಂಗಂತ ನೀವು ಬ್ಯಾರೆ ಮೇಷ್ಟ್ರು ಆಗೀರೇನು?"

ದೇಶನೂರಿನ ಅಳಿಯ

ಮೂರೂ ಕಡಲಕ್ಕಿ ನನಗೆ ಕಂಡದ್ದು ಸಿರುಗುಪ್ಪದ ಹತ್ತಿರ, ದೇಶನೂರು ಕಡೆಯ ಹೊಳೆದಂಡೆಯಲ್ಲಿ. ಹಾಗಾಗಿ ಸನ್ಮಾನವೂ ಅಲ್ಲೇ. ಮೀನು ಮಾರುವ ಅಕ್ಕನೊಬ್ಬಳು ಪಕ್ಕದಲ್ಲೇ ಕೂತು ಮೀನು ಹೆಚ್ಚುತ್ತ ನಮ್ಮ ಸಮಾರಂಭ ನೋಡುತ್ತಿದ್ದಳು. ಗುಂಪಿನ ಹಿರಿಯರು ಶಾಲು ಹೊದಿಸಿದರು. ಕಣ್ಣು ತುಂಬಿ ಬಂತು. ಭಾಷಣ ಶುರು ಮಾಡಿದೆ. "ಮೊದಲ ವರ್ಷ ಕಂಡದ್ದು ಕಂದು ಮಚ್ಚೆಯ ಸಣ್ಣ ಜಾತಿ. ಎರಡನೇ ವರ್ಷ ಬೂದು ಬೆನ್ನಿನ ಮಧ್ಯಮ ಜಾತಿ. ಈ ವರ್ಷ, ಅಗೋ ಅಲ್ಲಿ ನಿಂತಿದೆಯಲ್ಲ, ಬಿಳಿ ಮೈಯ ದೊಡ್ಡ ಜಾತಿ."

ಅಕ್ಕ ಹೆಚ್ಚುವುದನ್ನು ನಿಲ್ಲಿಸಿ ನಕ್ಕಳು. "ಯಾವ ಮೂರ್ರೀ ಸರ? ಮೂರೂ ಒಬ್ಬಾನ. ನಮ್ಮ ಅಳಿಯ."

"ಅಳಿಯ?"

"ವರ್ಷಕ್ಕೊಮ್ಮೆ ಬರ್ತಾನ, ಕುಂತು ಮೀನು ತಿಂತಾನ, ಹೇಳದ ಹೋಗ್ತಾನ. ಅಳಿಯ ಅಲ್ದ ಮತ್ತೇನು? ಮೊದಲ ವರ್ಷ ಎಳೇದು, ಮಚ್ಚಿ ಮಚ್ಚಿ ಇದ್ದ. ಆಮ್ಯಾಲೆ ಬೂದು ಆದ. ಈಗ ಬೆಳ್ಳಗ ಆಗ್ಯಾನ."

ಶಾಲು ಗಟ್ಟಿಯಾಗಿ ಹಿಡಿದುಕೊಂಡೆ. "ಮತ್ತ ಗಾತ್ರ? ಮೊದಲನೇದು ಸಣ್ಣದಿತ್ತಲ್ಲಕ್ಕ!"

"ಆಗ ಹೆದರ್ತಿದ್ದ, ಆಚಿ ದಂಡಿಗೆ ಕುಂದ್ರತಿದ್ದ. ಈಗ ಸಲಿಗಿ ಆಗೈತಿ, ನನ್ನ ಬುಟ್ಟಿ ತನಕ ಬರ್ತಾನ. ಹತ್ರ ಬಂದ್ರ ದೊಡ್ಡಾಂವ ಕಾಣೂದಿಲ್ಲೇನು? ನಂಬಿಕಿ ಇಲ್ಲಂದ್ರ ಎಡಗಾಲು ನೋಡ್ರಿ, ಕುಂಟ್ತಾನ."

ಎಲ್ಲರೂ ದುರ್ಬೀನು ಎತ್ತಿದರು. ನನ್ನ ಬಿಳಿ ಮೈಯ ದೊಡ್ಡ ಜಾತಿ ಮೀನಿನ ಕರುಳಿಗಾಗಿ ಕುಂಟುತ್ತ ಕುಂಟುತ್ತ ಬುಟ್ಟಿಯ ಕಡೆಗೇ ಬರುತ್ತಿತ್ತು. ಹಿರಿಯರು ರಿಜಿಸ್ಟರು ತೆಗೆದು, ನನ್ನದೇ ದುಂಡು ಅಕ್ಷರವನ್ನು ಗಟ್ಟಿಯಾಗಿ ಓದಿದರು.

"ಮೊದಲ ವರ್ಷ: ವಿಶೇಷ ಲಕ್ಷಣ, ಎಡಗಾಲು ಕುಂಟು. ಎರಡನೇ ವರ್ಷ: ಈ ಜಾತಿಗೂ ಎಡಗಾಲು ಕುಂಟು. ಮೂರನೇ ವರ್ಷ: ಕಡಲಕ್ಕಿಗಳಿಗೆಲ್ಲ ಎಡಗಾಲು ಕುಂಟೇ ಇರುವಂತೆ ಕಾಣುತ್ತದೆ, ಹೆಚ್ಚಿನ ಅಧ್ಯಯನ ಅಗತ್ಯ."

ಹೊಳೆ ಬಾಯಿ ತೆರೆದು ನನ್ನನ್ನು ನುಂಗಬಾರದೇ ಅನ್ನಿಸಿತು. ನಾನೇ ಶಾಲು ತೆಗೆದು, ಮಡಿಚಿ, ಅಕ್ಕನ ಮುಂದೆ ಹಿಡಿದೆ. "ತಗೋ ಅಕ್ಕ, ಇದು ನಿನಗ ಸಲ್ಲಬೇಕಾದ್ದು."

ಅಕ್ಕ ಮೀನಿನ ಕೈ ಅಡ್ಡ ಮಾಡಿದಳು. "ನನಗ್ಯಾಕ್ರಿ ಸರ? ಅಳಿಯಗ ಹೊದಸ್ರಿ. ಮೂರು ಮಂದಿ ಕೆಲಸ ಪಾಪ ಒಬ್ಬಾನ ಮಾಡ್ಯಾನ, ಅದೂ ಕುಂಟಗಾಲಾಗ!"